ಒಂದು ತಂತಿಯ ಪಾಠಶಾಲೆ

ಶನಿವಾರ ಬಂದಿತೆಂದರೆ ನಮ್ಮ ಮಧುರೆಯ ರಸ್ತೆಗೆ ಬಿಡುವೆಂಬುದಿಲ್ಲ. ದೊಡ್ಡಬಳ್ಳಾಪುರದ ಕಡೆಯಿಂದಲೂ ನೆಲಮಂಗಲದ ಕಡೆಯಿಂದಲೂ ಬಸ್ಸುಗಳು ತುಂಬಿ ತುಳುಕುತ್ತ ಬರುತ್ತವೆ. ಚಿಕ್ಕಮಧುರೆಯ ಶನಿಮಹಾತ್ಮನ ದರ್ಶನಕ್ಕೆಂದು ಬಂದ ಜನ ಎಳ್ಳೆಣ್ಣೆಯ ಬತ್ತಿಗಳನ್ನು ಹಿಡಿದು ಸಾಲಾಗಿ ನಡೆಯುತ್ತಾರೆ. ಬಿಸಿಲೇರಿದಾಗ ಅವರಲ್ಲಿ ಕೆಲವರು ನಮ್ಮ ಮನೆಯ ಜಗಲಿಯ ನೆರಳಿಗೆ ಬಂದು ಕುಳಿತು ನೀರು ಕೇಳುವುದುಂಟು. ನೀರು ಕುಡಿದ ಮೇಲೆ, ಜಗಲಿಯ ಮೂಲೆಯಲ್ಲಿ ಹಲಗೆಯೊಂದಕ್ಕೆ ತಂತಿ ಬಿಗಿದುಕೊಂಡು ಕುಳಿತಿರುತ್ತಿದ್ದ ನಮ್ಮ ಮಗಳನ್ನು ನೋಡಿ, ಹಿರಿಯರೆಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: "ಯಾವ ಕ್ಲಾಸು, ಮಗೂ?"

ಪುಟ್ಟಿ ನನ್ನ ಮುಖ ನೋಡುತ್ತಿದ್ದಳು. ನಾನು ಆಕಾಶ ನೋಡುತ್ತಿದ್ದೆ. ಏಕೆಂದರೆ ನಮ್ಮ ಮಗಳು ಯಾವ ಕ್ಲಾಸಿನಲ್ಲಿಯೂ ಇರಲಿಲ್ಲ. ಎರಡು ವರ್ಷಗಳ ಕಾಲ ಅವಳ ಪಾಠಶಾಲೆಯೆಂದರೆ ಆ ಜಗಲಿ, ಊರ ಕೆರೆಯ ಏರಿ, ಅಡಿಗೆಮನೆ ಮತ್ತು ನನ್ನ ತಾಯಿಯ ನೆನಪು. ಆ ಎರಡು ವರ್ಷಗಳಲ್ಲಿ ಗಳಿಸಿದುದೆಷ್ಟು, ಕಳೆದುದೆಷ್ಟು ಎಂಬುದನ್ನು ಮಕ್ಕಳೊಂದಿಗರಾದ ಓದುಗರ ಮುಂದೆ ಪ್ರಾಮಾಣಿಕವಾಗಿ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ನಾವು ಬೆಂಗಳೂರಿನಲ್ಲಿದ್ದೆವು. ಪುಟ್ಟಿ ಮೂರನೆಯ ತರಗತಿಯಲ್ಲಿ ಓದುತ್ತಿದ್ದಳು, ಅಂಕಗಳಿಗೇನೂ ಕೊರತೆಯಿರಲಿಲ್ಲ. ಒಂದು ದಿನ ಅವಳು ತರಗತಿಯಲ್ಲಿ, "ರಬ್ಬರ್ ಪಟ್ಟಿಯನ್ನು ಎಳೆದು ಮೀಟಿದರೆ ದನಿ ಏಕೆ ಮೇಲಕ್ಕೇರುತ್ತದೆ?" ಎಂದು ಕೇಳಿದಳಂತೆ. ಅದು ಪರೀಕ್ಷೆಗೆ ಬರುವುದಿಲ್ಲವೆಂಬ ಉತ್ತರ ದೊರೆಯಿತು. ಉಳಿದ ಮಕ್ಕಳು ನಕ್ಕರು. ಐವತ್ತು ಮಕ್ಕಳನ್ನು ಸಂಭಾಳಿಸಬೇಕಾದ ಉಪಾಧ್ಯಾಯರನ್ನು ನಾನು ದೂರಲಾರೆ. ಆದರೆ ಅಂದಿನಿಂದ ನಮ್ಮ ಹುಡುಗಿ ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಶಾಲೆಯಲ್ಲಿ ಮಾತ್ರವಲ್ಲ, ಮನೆಯಲ್ಲಿಯೂ. ಎಂಟು ವರ್ಷದ ಮಗು ಊಟದ ಹೊತ್ತಿನಲ್ಲಿ ಮೌನವಾಗಿ ಕುಳಿತಿರುವುದು ತಂದೆತಾಯಿಗಳಿಗೆ ಎಂಥ ಶಿಕ್ಷೆಯೆಂಬುದನ್ನು ಬಲ್ಲವರೇ ಬಲ್ಲರು.

ನನ್ನ ಪತ್ನಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಆಕೆಯೇ ಮೊದಲು ಆ ಮಾತನ್ನೆತ್ತಿದಳು: "ಊರವರ ಮಕ್ಕಳಿಗೆ ಹೇಳಿಕೊಡುತ್ತೇನೆ, ನಮ್ಮ ಮಗುವಿಗೆ ಎರಡು ವರ್ಷ ಹೇಳಿಕೊಡಲಾರೆನೇ?" ಹೀಗೆ ಆಕೆ ಕೆಲಸ ಬಿಟ್ಟಳು, ನಾವು ಮಧುರೆಯ ಹಳೆಯ ಮನೆಗೆ ಬಂದೆವು, ನಾನು ದಿನವೂ ಕಚೇರಿಗೆ ಬಸ್ಸು ಹಿಡಿಯತೊಡಗಿದೆ. ನನ್ನ ತಾಯಿಗೆ ಮಾತ್ರ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. "ನಿಮ್ಮಪ್ಪ ಬರಿಗಾಲಲ್ಲಿ ನಡೆದು ಶಾಲೆಗೆ ಹೋದರು. ನೀವು ಮಗುವನ್ನು ಶಾಲೆ ಬಿಡಿಸಿ ಮನೆಗೆ ತಂದಿರಿ. ಇದು ಯಾವ ಊರಿನ ನಾಗರಿಕತೆಯಪ್ಪ!" ಎಂದರು. ಅವರ ಮಾತಿನಲ್ಲಿ ತೂಕವಿದ್ದಿತು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕಾಯಿದೆಯ ಮಾತು

ಇದು ಕಾಯಿದೆಗೆ ಸಮ್ಮತವೇ ಎಂದು ಓದುಗರು ಕೇಳಬಹುದು. ೨೦೦೯ರಲ್ಲಿ ಸಂಸತ್ತು ಅಂಗೀಕರಿಸಿ, ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆ, ೬ರಿಂದ ೧೪ ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ವಿಧಿಸುತ್ತದೆ. ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಅದರ ೧೦ನೆಯ ಸೆಕ್ಷನ್ ಹೇಳುತ್ತದೆ. ಆದರೆ ಸೇರಿಸದ ಪೋಷಕರಿಗೆ ಇಂಥ ದಂಡನೆ ಎಂಬುದನ್ನು ಆ ಕಾಯಿದೆ ಹೇಳುವುದಿಲ್ಲ; ಮನೆಯ ಪಾಠವೆಂಬ ಒಂದು ಮಾರ್ಗವನ್ನು ಅದು ಹೆಸರಿಸುವುದೂ ಇಲ್ಲ. ಎಂದರೆ, ಮನೆಯಲ್ಲಿ ಕಲಿಸುವವರು ನಿಂತಿರುವ ನೆಲ ಅಷ್ಟೇನೂ ಗಟ್ಟಿಯಾದುದಲ್ಲ. ಯಾರೂ ಹುಮ್ಮಸ್ಸಿನಿಂದ ಧುಮುಕಬಾರದು; ಬಲ್ಲವರನ್ನು ಕೇಳಿ ಮುಂದುವರಿಯಬೇಕು.

ಪರೀಕ್ಷೆಯ ದಾರಿಯೇನೋ ಉಂಟು. ೧೯೮೯ರಲ್ಲಿ ಸ್ಥಾಪನೆಯಾಗಿ ಈಗ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಎಂದು ಕರೆಯಲ್ಪಡುವ ಸಂಸ್ಥೆಯಲ್ಲಿ, ೧೪ ವರ್ಷ ತುಂಬಿದವರು ಹೆಸರು ನೋಂದಾಯಿಸಿಕೊಂಡು ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಶಾಲೆ ಬಿಟ್ಟ ಮಗು ಮರಳಿ ಬಂದರೆ, ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕೆಂಬ ನಿಯಮವೂ ಶಿಕ್ಷಣದ ಹಕ್ಕಿನ ಕಾಯಿದೆಯಲ್ಲಿದೆ. ಈ ನಿಯಮ ಮುಂದೆ ನಮಗೆ ಬಹಳ ಉಪಕಾರಕ್ಕೆ ಬಂದಿತು.

ಪುತ್ತೂರಿನ ಬಾಲವನ

ತಾಯಿಯವರ ಬಾಯಿ ಕಟ್ಟಲು ನನಗೆ ಒಬ್ಬ ದೊಡ್ಡ ಸಾಕ್ಷಿ ಬೇಕಾಗಿದ್ದರು. ದೂರ ಹುಡುಕಬೇಕಾಗಲಿಲ್ಲ, ಕನ್ನಡನಾಡಿನಲ್ಲಿಯೇ ಸಿಕ್ಕರು. ಕೋಟ ಶಿವರಾಮ ಕಾರಂತರನ್ನು (೧೯೦೨-೧೯೯೭) ಕಾದಂಬರಿಕಾರರೆಂದು, 'ಮೂಕಜ್ಜಿಯ ಕನಸುಗಳು' ಬರೆದು ಜ್ಞಾನಪೀಠ ಪಡೆದವರೆಂದು ಎಲ್ಲರೂ ಬಲ್ಲರು. ಪುತ್ತೂರಿನ ಗುಡ್ಡದ ಮೇಲಿನ 'ಬಾಲವನ'ದಲ್ಲಿ ಅವರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದುದನ್ನು ಬಲ್ಲವರು ಅಷ್ಟು ಮಂದಿಯಿಲ್ಲ. ಮಕ್ಕಳಿಗೆ ಓದಲು ಕನ್ನಡದಲ್ಲಿ ಪುಸ್ತಕವಿಲ್ಲವೆಂದು ಕೊರಗುತ್ತ ಕೂರದೆ, ೧೯೩೬ರಲ್ಲಿ 'ಬಾಲಪ್ರಪಂಚ'ವೆಂಬ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ತಾವೊಬ್ಬರೇ ಬರೆದು ಹೊರತಂದರು. ಮುಂದೆ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ವನ್ನು ನಾಲ್ಕು ಸಂಪುಟಗಳಲ್ಲಿ ಬರೆದರು. ಅದೇ ಕೈ ಯಕ್ಷಗಾನದ ಇತಿಹಾಸವನ್ನೂ ಬರೆಯಿತು. 'ಯಕ್ಷಗಾನ ಬಯಲಾಟ'ಕ್ಕೆ ೧೯೫೯ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ವಿಜ್ಞಾನ ಒಂದು ಕೋಣೆ, ಸಂಗೀತ ಇನ್ನೊಂದು ಕೋಣೆ ಎಂಬ ಗೋಡೆ ಅವರ ಮನೆಯಲ್ಲಿರಲಿಲ್ಲ.

ಇಂಥ ತಂದೆಯ ಮಗ ಉಲ್ಲಾಸ ಕಾರಂತರು, ಬಾಲ್ಯದಲ್ಲಿ ತಾವು ಶಾಲೆಗೆ ಹೋಗದೆ ಮನೆಯಲ್ಲಿಯೇ ಕಲಿತುದನ್ನು ತಾವೇ ಹೇಳಿಕೊಂಡಿದ್ದಾರೆ. ಮುಂದೆ ಅವರು ಶಾಲೆಗೂ ಹೋದರು, ಎಂಜಿನಿಯರಿಂಗನ್ನೂ ಓದಿದರು. ಕೊನೆಗೆ ಹುಲಿಗಳನ್ನು ಕುರಿತು ಸಂಶೋಧನೆ ಮಾಡಿ ಜಗತ್ತಿಗೇ ಹೆಸರಾದರು. ಅವರೂ ಅವರ ಸೋದರಿಯರೂ ಸೇರಿ ತಮ್ಮ ಬಾಲ್ಯವನ್ನು ಕುರಿತು ಬರೆದ ಇಂಗ್ಲಿಷ್ ಪುಸ್ತಕ ೨೦೨೧ರಲ್ಲಿ ಪ್ರಕಟವಾಯಿತು.

ಇದನ್ನೆಲ್ಲ ತಾಯಿಯವರ ಮುಂದೆ ಒಪ್ಪಿಸಿದೆ. ಅವರು ಶಾಂತವಾಗಿ ಕೇಳಿ, "ಅವರು ಕಾರಂತರು. ನೀನು ಯಾರು?" ಎಂದರು. ಸಾಕ್ಷಿ ಗೆದ್ದರು, ವಕೀಲ ಸೋತ.

ಅರವತ್ತು ಸೆಂಟಿಮೀಟರು

ಪಾಠ ಆರಂಭವಾದುದು ಆ ಹಳೆಯ ಪ್ರಶ್ನೆಯಿಂದಲೇ. ಒಂದು ಹಲಗೆ, ಎರಡು ಮೊಳೆ, ಒಂದು ಉಕ್ಕಿನ ತಂತಿ, ತಂತಿಯನ್ನು ಎತ್ತಿಹಿಡಿಯಲು ಎರಡು ಮರದ ತುಂಡು. ತುಂಡಿನಿಂದ ತುಂಡಿಗೆ ಸರಿಯಾಗಿ ೬೦ ಸೆಂಟಿಮೀಟರು. ಇಡೀ ತಂತಿಯನ್ನು ಮೀಟಿದಾಗ ಬರುವ ದನಿಯೇ ಷಡ್ಜವೆಂದು ಇಟ್ಟುಕೊಂಡರೆ, ಅರ್ಧಕ್ಕೆ, ಎಂದರೆ ೩೦ಕ್ಕೆ, ತಾರಷಡ್ಜ. ಮೂರರಲ್ಲಿ ಎರಡು ಪಾಲಿಗೆ, ಎಂದರೆ ೪೦ಕ್ಕೆ, ಪಂಚಮ. ನಾಲ್ಕರಲ್ಲಿ ಮೂರು ಪಾಲಿಗೆ, ಎಂದರೆ ೪೫ಕ್ಕೆ, ಶುದ್ಧ ಮಧ್ಯಮ ಬರಬೇಕು. ನನ್ನ ಪತ್ನಿ ಮೊದಲೇ ಇದನ್ನು ಹೇಳಿಬಿಡಲಿಲ್ಲ. ಪುಟ್ಟಿಯೇ ಕಿವಿಯಿಂದ ಸ್ವರ ಹುಡುಕಿ, ಅಳತೆಪಟ್ಟಿಯಿಂದ ಅಳೆದು, ಪುಸ್ತಕದಲ್ಲಿ ಬರೆಯಬೇಕೆಂದು ಕಟ್ಟು ಮಾಡಿದಳು.

ಮೊದಲ ದಿನವೇ ಪೆಟ್ಟು ಬಿದ್ದಿತು. ತಂತಿಯನ್ನು ಬೆರಳಿನಿಂದ ಹಲಗೆಗೆ ಒತ್ತಿ ಮೀಟಿದರೆ ೩೦ರಲ್ಲಿ ತಾರಷಡ್ಜ ಬರಲೊಲ್ಲದು. ದನಿ ತುಸು ಏರಿಯೇ ಕೇಳಿಸುತ್ತಿತ್ತು. ಸರಿಯಾದ ಸ್ವರಕ್ಕೆ ೩೧ರ ಹತ್ತಿರ ಒತ್ತಬೇಕಾಯಿತು. ತಾಯಿ ಪುಸ್ತಕದ ಲೆಕ್ಕವನ್ನು ತೋರಿಸಿದಾಗ ಪುಟ್ಟಿ, "ಹಾಗಾದರೆ ಪುಸ್ತಕ ತಪ್ಪು" ಎಂದಳು. ಹಿಂದಿನ ಪುಟ್ಟಿಯಾಗಿದ್ದರೆ ತನ್ನ ಅಂಕಿಯನ್ನು ಅಳಿಸಿ ಪುಸ್ತಕದ ಅಂಕಿಯನ್ನು ಬರೆದುಕೊಳ್ಳುತ್ತಿದ್ದಳು. ಈಗ ಮೂರು ದಿನ ಜಗಳವಾಡಿದಳು. ನಾಲ್ಕನೆಯ ದಿನ ತಾನಾಗಿಯೇ ಕಂಡುಕೊಂಡಳು: ತಂತಿಯನ್ನು ಕೆಳಕ್ಕೆ ಒತ್ತುವಾಗ ಅದು ಇನ್ನಷ್ಟು ಬಿಗಿಯಾಗುತ್ತದೆ, ಬಿಗಿಯಾದರೆ ದನಿ ಏರುತ್ತದೆ, ಅವಳ ರಬ್ಬರ್ ಪಟ್ಟಿ ಅಂದು ಮಾಡಿದುದೂ ಇದನ್ನೇ. ಬೆರಳಿನ ಬದಲು ತಂತಿಯನ್ನು ಮುಟ್ಟಿಯೂ ಮುಟ್ಟದಂಥ ತೆಳ್ಳನೆಯ ಮರದ ಚಕ್ಕೆಯನ್ನು ಕೆಳಗೆ ತೂರಿಸಿದಾಗ ಅಂಕಿಗಳು ಹೇಳಿ ಕಳುಹಿಸಿದಂತೆ ಬಂದು ನಿಂತವು. ಪುಸ್ತಕವೂ ಸರಿ, ಅವಳ ಅಳತೆಯೂ ಸರಿ. ಎರಡರ ನಡುವೆ ಒಂದು ಕಾರಣ ಅಡಗಿ ಕುಳಿತಿತ್ತು, ಅಷ್ಟೆ.

ಆಮೇಲೆ ತಂತಿಯ ಒಂದು ತುದಿಗೆ ತೂಕ ಕಟ್ಟಿ ಇಳಿಬಿಟ್ಟರು. ದನಿಯನ್ನು ಒಂದು ಸ್ಥಾಯಿ ಮೇಲಕ್ಕೆ ಏರಿಸಲು ತೂಕವನ್ನು ಎರಡರಷ್ಟು ಮಾಡಿದರೆ ಸಾಲದು, ನಾಲ್ಕರಷ್ಟು ಮಾಡಬೇಕು. ಒಂದು ಕಿಲೋ ಕಲ್ಲಿಗೆ ನಾಲ್ಕು ಕಿಲೋ ಕಲ್ಲು. ವರ್ಗಮೂಲವೆಂಬ ಪದ ಅವಳ ಬಾಯಿಗೆ ಬರುವ ಮೊದಲೇ ಅದರ ಭಾರ ಅವಳ ಕೈಗೆ ತಿಳಿದಿತ್ತು.

ಇನ್ನು ಸಂಗೀತದ ಮೊದಲ ಪಾಠ. ಸರಳೆ, ಜಂಟಿವರಸೆಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಕಲಿಸುವ ಕ್ರಮವನ್ನು ಹಾಕಿಕೊಟ್ಟವರು ೧೫೬೪ರಲ್ಲಿ ಕಾಲವಾದ ಪುರಂದರದಾಸರೆಂದು ಸಂಪ್ರದಾಯ ಹೇಳುತ್ತದೆ. ಈ ರಾಗವೇ ಏಕೆ? ಪುಟ್ಟಿ ಹಲಗೆಯ ಮೇಲೆ ಅದರ ಎಂಟು ಸ್ವರಗಳನ್ನೂ ಗುರುತು ಮಾಡಿದಳು: ೬೦, ೫೬.೨೫, ೪೮, ೪೫; ಆಮೇಲೆ ೪೦, ೩೭.೫, ೩೨, ೩೦. ಮೊದಲಿನ ನಾಲ್ಕನ್ನು ಮೂರರಲ್ಲಿ ಎರಡು ಪಾಲು ಮಾಡಿದರೆ ಕೊನೆಯ ನಾಲ್ಕು ಬರುತ್ತವೆ. ಓದುಗರೂ ಲೆಕ್ಕ ಹಾಕಿ ನೋಡಬಹುದು. ಎಂದರೆ, ಸ-ರಿ-ಗ-ಮ ಎಂದು ಹಾಡಿದ ಮಗು ಪ-ದ-ನಿ-ಸ ಎನ್ನುವಾಗ ಅದೇ ಮೆಟ್ಟಿಲುಗಳನ್ನು ಎತ್ತರದಲ್ಲಿ ನಿಂತು ಮತ್ತೆ ಹತ್ತುತ್ತದೆ. ಅರ್ಧ ಕಲಿತರೆ ಇಡಿಯೇ ಕಲಿತಂತೆ! ಎಳೆಯ ಗಂಟಲಿಗೆ ಇದಕ್ಕಿಂತ ಹೆಚ್ಚಿನ ಉಪಕಾರ ಉಂಟೇ?

ಕುಣಿದ ಎಳ್ಳು

ತಂತಿಯಾದ ಮೇಲೆ ಚರ್ಮ. ದೊಡ್ಡ ಬೋಗುಣಿಯ ಬಾಯಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು, ಅದರ ಮೇಲೆ ಒಂದು ಹಿಡಿ ಎಳ್ಳು ಚೆಲ್ಲಿ, ಹತ್ತಿರದಿಂದ ದೀರ್ಘವಾಗಿ ಹಾಡಿದರೆ, ಕೆಲವು ಶ್ರುತಿಗಳಲ್ಲಿ ಎಳ್ಳು ಎದ್ದು ಕುಣಿದು ಗೆರೆಗಳಲ್ಲಿ ಬಂದು ಸೇರುತ್ತದೆ. ಎಲ್ಲಿ ಹಾಳೆ ಅಲುಗುವುದಿಲ್ಲವೋ ಅಲ್ಲಿ ಎಳ್ಳಿಗೆ ಆಶ್ರಯ. ಅಂದು ಶನಿವಾರ. ನನ್ನ ತಾಯಿ ದೇವರಿಗೆಂದು ಆರಿಸಿಟ್ಟಿದ್ದ ಎಳ್ಳೇ ಬೋಗುಣಿಯ ಮೇಲಿತ್ತು.

"ಶನಿದೇವರ ಎಳ್ಳನ್ನು ಕುಣಿಸುತ್ತೀಯೇನೇ!" ಎಂದು ಅವರು ಗದರುತ್ತ ಬಂದರು. ಪುಟ್ಟಿ ಹೆದರಲಿಲ್ಲ. "ಅಜ್ಜೀ, ನನ್ನ ದನಿಗೆ ಸರಿಯಾಗಿ ಕುಣಿಯುತ್ತಿಲ್ಲ. ನೀವು ಒಂದು ಸಲ ಹಾಡಿ" ಎಂದಳು. ತಾಯಿಯವರು ಒಂದು ಕ್ಷಣ ನಿಂತರು. ಅತ್ತಿತ್ತ ನೋಡಿದರು. ಮೆಲ್ಲನೆ ಕುಳಿತು, ಷಡ್ಜ ಹಿಡಿದರು. ನನಗೆ ತಿಳಿವು ಬಂದಾಗಿನಿಂದ ಅವರು ಹಾಡಿದುದನ್ನು ನಾನು ಕೇಳಿರಲಿಲ್ಲ. ಎಪ್ಪತ್ತು ದಾಟಿದ ಆ ಗಂಟಲಿನಿಂದ ಗೆರೆ ಎಳೆದಂಥ ನೇರ ನಾದ ಬಂದಿತು. ಎಳ್ಳು ಎದ್ದು ಉಂಗುರದಂತೆ ಸುತ್ತುಗಟ್ಟಿ ನಿಂತಿತು. ಮನೆಯಲ್ಲಿ ಯಾರೂ ಮಾತನಾಡಲಿಲ್ಲ.

ಆ ದಿನದಿಂದ ನಮ್ಮ ಪಾಠಶಾಲೆಗೆ ಮೂರನೆಯ ಉಪಾಧ್ಯಾಯರು ಬಂದರು. ಸಂಬಳ ಬೇಡಲಿಲ್ಲ, ಬಯ್ಯುವುದನ್ನೂ ಬಿಡಲಿಲ್ಲ.

ಸರ್ ಸಿ. ವಿ. ರಾಮನ್ನರ ಕಥೆಯನ್ನು ಪುಟ್ಟಿ ಕೇಳಿದುದು ಆಗಲೇ. ೧೯೩೦ರಲ್ಲಿ ನೊಬೆಲ್ ಪಾರಿತೋಷಕ ತಂದುದು ಬೆಳಕಿನ ಸಂಶೋಧನೆಯಾದರೂ, ಅವರ ಮೊದಲ ಒಲವು ನಾದದ ಮೇಲೆ. ೧೯೦೯ರಲ್ಲಿಯೇ ಅವರು ಏಕತಾರಿಯನ್ನು ಕುರಿತು ಲೇಖನ ಬರೆದಿದ್ದರು: ನಮ್ಮ ಜಗಲಿಯ ಹಲಗೆಯಂಥದೇ ಒಂದು ತಂತಿಯ ವಾದ್ಯ! ೧೯೨೦ರಲ್ಲಿ ಶಿವಕಾಳಿ ಕುಮಾರರೊಡನೆ ಮೃದಂಗವನ್ನು ಕುರಿತು ಬರೆದರು. ಸಾಧಾರಣ ಡೋಲಿನ ಚರ್ಮದಿಂದ ಏಳುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಅದರಿಂದ ಬರುವುದು ಸದ್ದು, ಸ್ವರವಲ್ಲ. ಮೃದಂಗದ ಬಲಮುಖದ ನಡುವಿನ ಕಪ್ಪು ಕರಣೆಯ ಭಾರ ಆ ಉಪಸ್ವರಗಳನ್ನು ಒಂದು, ಎರಡು, ಮೂರು ಎಂಬ ಪೂರ್ಣಾಂಕಗಳ ಸಾಲಿಗೆ ತಂದು ನಿಲ್ಲಿಸುತ್ತದೆ. ಅದರಿಂದಲೇ ಮೃದಂಗವನ್ನು ಶ್ರುತಿಗೆ ಕೂಡಿಸಬಹುದು. ಹೆಸರು ತಿಳಿಯದ ನಮ್ಮ ಕುಶಲಕರ್ಮಿಗಳು ಎಂದೋ ಕಂಡುಕೊಂಡುದನ್ನು ರಾಮನ್ನರು ಲೆಕ್ಕದಿಂದ ವಿವರಿಸಿದರು. ಪುಟ್ಟಿ ಬೋಗುಣಿಯ ಹಾಳೆಯ ನಡುವೆ ರವೆಯ ಮುದ್ದೆಯನ್ನು ಮೆತ್ತಿ, ದನಿ ಇಳಿಯುವುದನ್ನು ಕೇಳಿ, ಅಜ್ಜಿಯಿಂದ ರವೆಯ ಲೆಕ್ಕಕ್ಕೂ ಬಯ್ಯಿಸಿಕೊಂಡಳು.

ಏರಿಯ ಮೇಲೆ ಐನೂರು ವರ್ಷ

ಇತಿಹಾಸವೆಂದರೆ ಇಸವಿಗಳ ಪಟ್ಟಿಯೆಂದು ತಿಳಿದಿದ್ದ ಹುಡುಗಿಗೆ ನಾವು ಮಧುರೆಯ ಕೆರೆಯ ಏರಿಯನ್ನು ತೋರಿಸಿದೆವು. ಒಂದು ಹೆಜ್ಜೆಗೆ ಹತ್ತು ವರ್ಷ. ಇಂದಿನಿಂದ ಹಿಂದಕ್ಕೆ ನಡೆಯುತ್ತ ಹೋದರೆ ಹನ್ನೆರಡನೆಯ ಹೆಜ್ಜೆಯಲ್ಲಿ ೧೯೦೨: ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗೆ ಹಾಡಿದ ವರ್ಷ. ಮೂರು ನಿಮಿಷಗಳಲ್ಲಿ ಹಾಡು ಮುಗಿಸಿ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದ ಆ ಪ್ರಖ್ಯಾತ ಗಾಯಕಿ, ೧೯೨೮ರಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅಂದು ಸಂಜೆ ಕಾಗದವನ್ನು ಆಲಿಕೆಯಂತೆ ಸುತ್ತಿ, ತುದಿಗೆ ಗುಂಡುಸೂಜಿ ಚುಚ್ಚಿ, ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಗೀರುಬಿದ್ದ ತಟ್ಟೆಯೊಂದನ್ನು ಪೆನ್ಸಿಲಿನ ಮೇಲೆ ತಿರುಗಿಸಿದೆವು. ವಿದ್ಯುತ್ತಿಲ್ಲ, ಯಂತ್ರವಿಲ್ಲ; ಸೊಳ್ಳೆಯ ದನಿಯಷ್ಟು ಸಣ್ಣಗೆ ಯಾರೋ ಹಾಡಿದರು. ಗೀರಿನಲ್ಲಿ ದನಿ ಅಡಗಿರುತ್ತದೆಂಬುದನ್ನು ನಂಬಲು ಅದಕ್ಕಿಂತ ಹೆಚ್ಚಿನ ಪಾಠ ಬೇಕಾಗಲಿಲ್ಲ. (ಒಳ್ಳೆಯ ತಟ್ಟೆಗೆ ಯಾರೂ ಈ ಪ್ರಯೋಗ ಮಾಡಬಾರದು; ಸೂಜಿ ಅದನ್ನು ಕೊರೆದುಬಿಡುತ್ತದೆ.)

ಹದಿನೇಳನೆಯ ಹೆಜ್ಜೆಯಲ್ಲಿ ವೀಣೆ ಶೇಷಣ್ಣನವರ ಜನನ, ೧೮೫೨. ಆ ಹೆಜ್ಜೆಗಳ ನಡುವಿನ ಮೈಸೂರಿನ ವಿದ್ವಾಂಸರನ್ನೆಲ್ಲ ಪರಿಚಯಿಸಿಕೊಳ್ಳಲು ಮೈಸೂರು ವಾಸುದೇವಾಚಾರ್ಯರ 'ನಾ ಕಂಡ ಕಲಾವಿದರು' ಪುಸ್ತಕವನ್ನು ನನ್ನ ಪತ್ನಿ ರಾತ್ರಿಯ ಹೊತ್ತು ಗಟ್ಟಿಯಾಗಿ ಓದುತ್ತಿದ್ದಳು. ಮೂವತ್ತೇಳು ಮೂವತ್ತೆಂಟು ಹೆಜ್ಜೆಗಳಾದಾಗ ವೆಂಕಟಮಖಿ: ಕನ್ನಡ ಮೂಲದ ಗೋವಿಂದ ದೀಕ್ಷಿತರ ಮಗ, ತಂಜಾವೂರಿನಲ್ಲಿ 'ಚತುರ್ದಂಡಿ ಪ್ರಕಾಶಿಕೆ' ಬರೆದವನು. ಅವನ ೭೨ ಮೇಳಗಳು ಎಲ್ಲಿಂದ ಬಂದವೆಂಬುದನ್ನು ಹುಣಿಸೆಯ ಬೀಜಗಳನ್ನು ಜೋಡಿಸಿ ಲೆಕ್ಕ ಮಾಡಿದೆವು. ರಿಷಭ-ಗಾಂಧಾರಗಳನ್ನು ಜೋಡಿಸುವ ಬಗೆ ಆರು, ಧೈವತ-ನಿಷಾದಗಳದು ಆರು, ಮಧ್ಯಮ ಎರಡು. ಆರಾರಲ ಮೂವತ್ತಾರು, ಮೂವತ್ತಾರೆರಡಲ ಎಪ್ಪತ್ತೆರಡು. ನಲವತ್ತೇಳರ ಹತ್ತಿರ ವಿಜಯನಗರದ ರಾಮಾಮಾತ್ಯ. ಅವನ 'ಸ್ವರಮೇಳಕಲಾನಿಧಿ' ೧೫೫೦ರದು.

ಅದೇ ಶತಮಾನದಲ್ಲಿ ಇನ್ನೊಬ್ಬನಿದ್ದನು. ಅವನನ್ನು ಕಾಣಲು ನಾವು ಏರಿಯಿಂದಿಳಿದು ಬಸ್ಸು ಹತ್ತಿದೆವು. ನಮ್ಮ ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟವನ್ನು ನೋಡದವರಿಲ್ಲ. ಆ ಬೆಟ್ಟದ ಬಳಿಯ ಸಾತನೂರು ತನ್ನ ಊರೆಂದು ಪುಂಡರೀಕ ವಿಠ್ಠಲನೆಂಬ ಪಂಡಿತ ತನ್ನ ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ಈ ಕನ್ನಡಿಗ ಉತ್ತರಕ್ಕೆ ಹೋಗಿ, ಖಾನದೇಶದ ಬುರ್ಹಾನ್ ಖಾನನ ಆಶ್ರಯದಲ್ಲಿ 'ಸದ್ರಾಗಚಂದ್ರೋದಯ'ವನ್ನು ಬರೆದನು. ಮುಂದೆ ಅಕ್ಬರನ ಕಾಲದ ಆಸ್ಥಾನಗಳವರೆಗೂ ನಡೆದು 'ರಾಗಮಾಲಾ', 'ರಾಗಮಂಜರಿ', 'ನರ್ತನನಿರ್ಣಯ'ಗಳನ್ನು ರಚಿಸಿದನು. ದಕ್ಷಿಣದ ಮೇಳಗಳನ್ನೂ ಉತ್ತರದ ರಾಗಗಳನ್ನೂ ಬಲ್ಲ ಆ ಮನುಷ್ಯ ನಮ್ಮ ಜಿಲ್ಲೆಯವನು! ವೀಣೆಯ ಮೆಟ್ಟಿಲುಗಳನ್ನು ಎಲ್ಲೆಲ್ಲಿ ಕೂರಿಸಬೇಕೆಂಬುದೂ ಅವನ ಗ್ರಂಥದ ವಿಷಯ. ಬೆಟ್ಟದ ಮೆಟ್ಟಿಲಿನ ಮೇಲೆ ಕುಳಿತು ಬುತ್ತಿ ಬಿಚ್ಚುವಾಗ ಪುಟ್ಟಿ, "ಅವನ ಹತ್ತಿರವೂ ಹಲಗೆ ಇತ್ತೇ?" ಎಂದು ಕೇಳಿದಳು.

ಅಟ್ಟದಿಂದಿಳಿದ ವೀಣೆ

ಆ ಪ್ರಶ್ನೆಗೆ ಉತ್ತರ ಕೊಟ್ಟವರು ನನ್ನ ತಾಯಿ. ಮನೆಗೆ ಬಂದವರೇ ಅಟ್ಟ ತೋರಿಸಿ, "ಹಳೆಯ ಕಂಬಳಿಯಲ್ಲಿ ಸುತ್ತಿದ್ದೇನೆ, ಇಳಿಸು" ಎಂದರು. ಇಳಿಸಿದರೆ ವೀಣೆ! ಮದುವೆಗೆ ಮುಂಚೆ ಆರು ವರ್ಷ ಕಲಿತಿದ್ದರಂತೆ. ಮದುವೆಯಾಗಿ ಬಂದ ಮನೆಯಲ್ಲಿ ಅದಕ್ಕೆ ಹೊತ್ತೂ ಇರಲಿಲ್ಲ, ಕೇಳುವ ಕಿವಿಯೂ ಇರಲಿಲ್ಲ. "ಶಾಲೆ ಬಿಡಿಸುವುದು ಅಂದರೆ ಏನೆಂದು ನನಗೆ ಗೊತ್ತು, ಅದಕ್ಕೇ ಬಯ್ದೆ" ಎಂದರು. ಅಷ್ಟು ದಿನ ಅವರ ವಿರೋಧವನ್ನು ಹಳೆಯ ಕಾಲದ ಹಟವೆಂದು ತಿಳಿದಿದ್ದ ನಾನು ತಲೆ ತಗ್ಗಿಸಬೇಕಾಯಿತು.

ವೀಣೆಯ ಮೇಣ ಒಡೆದು ಮೆಟ್ಟಿಲುಗಳು ಕಳಚಿದ್ದವು. ವೀಣೆ ಕಟ್ಟುವವರೊಬ್ಬರಲ್ಲಿಗೆ ಒಯ್ದೆವು. ಆ ಹಿರಿಯರು ಅಳತೆಪಟ್ಟಿಯನ್ನು ಮುಟ್ಟಲೇ ಇಲ್ಲ. ಮೇಣವನ್ನು ಬಿಸಿಮಾಡಿ, ಒಂದೊಂದೇ ಮೆಟ್ಟಿಲನ್ನು ಇಟ್ಟು, ಮೀಟಿ, ಕಿವಿಗೊಟ್ಟು, ಕೂದಲೆಳೆಯಷ್ಟು ಸರಿಸಿ ೨೪ನ್ನೂ ಕೂರಿಸಿದರು. ಮುಗಿದ ಮೇಲೆ ಪುಟ್ಟಿ ಅಪ್ಪಣೆ ಕೇಳಿ ಅಳೆದಳು. ಹನ್ನೆರಡನೆಯ ಮೆಟ್ಟಿಲು, ತಾರಷಡ್ಜದ್ದು, ತಂತಿಯ ಅರ್ಧದಲ್ಲಿರಬೇಕಷ್ಟೆ? ಕುದುರೆಯಿಂದ ಅಳೆದರೆ ಅರ್ಧಕ್ಕಿಂತ ಒಂದಿಷ್ಟು ಹೆಚ್ಚಾಗಿಯೇ ಇತ್ತು. ನಾನು ತಪ್ಪಾಯಿತೆಂದುಕೊಂಡೆ. ಪುಟ್ಟಿಯ ಮುಖ ಅರಳಿತು: "ಒತ್ತಿದಾಗ ತಂತಿ ಬಿಗಿಯಾಗುತ್ತದಲ್ಲ, ಅದಕ್ಕೆ ಮೊದಲೇ ಜಾಗ ಬಿಟ್ಟಿದ್ದಾರೆ!" ಆ ಹಿರಿಯರು ನಕ್ಕು, "ಲೆಕ್ಕ ನನಗೆ ಬಾರದು ತಾಯಿ, ಕಿವಿಗೆ ಬರುತ್ತದೆ" ಎಂದರು. ಮೂರು ದಿನಗಳ ಆ ಹಳೆಯ ಜಗಳ ಅಂದು ಸಾರ್ಥಕವಾಯಿತು.

ಖರ್ಚಿನ ಲೆಕ್ಕ

ಇಷ್ಟು ಓದಿದವರು, ಎಲ್ಲವೂ ಸುಗಮವಾಯಿತೆಂದು ತಿಳಿದರೆ ತಪ್ಪಾದೀತು. ಒಂದು ಸಂಬಳ ನಿಂತಿತು. ನನ್ನ ಪತ್ನಿಗೆ ಎರಡು ವರ್ಷ ಒಂದು ದಿನದ ರಜೆಯೂ ಸಿಗಲಿಲ್ಲ. ನಮಗೆ ರುಚಿಸಿದುದನ್ನು ಹೆಚ್ಚು ಕಲಿಸಿದೆವು, ರುಚಿಸದುದನ್ನು ಮುಂದೂಡಿದೆವು. ಭೂಗೋಳದಲ್ಲಿ ಹುಡುಗಿ ಹಿಂದೆ ಬಿದ್ದಳು, ಅಕ್ಷರ ಕೆಟ್ಟಿತು. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಮುಂಜಾನೆ ಶಾಲೆಯ ಬಸ್ಸು ಮನೆಯ ಮುಂದೆ ಹಾದುಹೋದಾಗ, ಕಿಟಕಿಯಲ್ಲಿ ಕಂಡ ಮಕ್ಕಳಿಗೆ ಪುಟ್ಟಿ ಕೈ ಬೀಸಿದಳು. ಯಾರೂ ತಿರುಗಿ ಬೀಸಲಿಲ್ಲ. ಅವರಿಗೆ ಅವಳ ಗುರುತೇ ಇರಲಿಲ್ಲ. ಅವಳು ಒಳಗೆ ಬಂದು ಹಲಗೆಯನ್ನು ಗೋಡೆಗೆ ತಿರುಗಿಸಿಟ್ಟಳು.

ಆ ರಾತ್ರಿ ಅವಳೇ ಹೇಳಿದಳು: "ನಾನು ಶಾಲೆಗೆ ಹೋಗುತ್ತೇನೆ. ಇಲ್ಲಿ ನಾನು ಕಂಡುಹಿಡಿದುದನ್ನು ಯಾರಿಗೆ ತೋರಿಸಲಿ? ನಿಮಗೆ ಮೊದಲೇ ಗೊತ್ತಿರುತ್ತದೆ."

ಈ ಮಾತು ನಮ್ಮ ಎದೆಗೆ ನಾಟಿತು. ನನ್ನ ಪತ್ನಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ" ಎಂದಳು. ಎರಡು ವರ್ಷ ನಾವು ಹಂಬಲಿಸಿದುದು ಮಗು ತಾನಾಗಿ ಯೋಚಿಸಬೇಕೆಂದಲ್ಲವೇ? ಯೋಚಿಸಿದ ಮಗು ನಮಗೆ ಬೇಡವಾದುದನ್ನು ಹೇಳಿತೆಂದು ಬೇಸರಪಡುವುದು ಯಾವ ನ್ಯಾಯ? ವಯಸ್ಸಿಗೆ ತಕ್ಕಂತೆ ಆರನೆಯ ತರಗತಿಗೆ ಸೇರಿದಳು. ಮೊದಲ ತಿಂಗಳು ಕಷ್ಟವಾಯಿತು; ಭೂಗೋಳದಲ್ಲಿ ಅಂಕ ಕಡಮೆ ಬಂದಿತು. ಆದರೆ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ಯಾರಾದರೂ ನಕ್ಕರೆ ಅವರನ್ನೂ ಕರೆದು ಕೂರಿಸಿಕೊಂಡು ಹಲಗೆ ತೋರಿಸುತ್ತಾಳಂತೆ.

ಎಲ್ಲರೂ ಮಕ್ಕಳನ್ನು ಶಾಲೆ ಬಿಡಿಸಿರೆಂದು ನಾನು ಹೇಳುವುದಿಲ್ಲ. ಹೆಚ್ಚಿನವರಿಗೆ ಅದು ಆಗದು, ಬೇಕಾಗಿಯೂ ಇಲ್ಲ. ಆದರೆ ಶಾಲೆ ಬಿಟ್ಟ ಮೇಲಿನ ಸಂಜೆಯ ಒಂದು ಗಂಟೆ ಎಲ್ಲ ಮನೆಗಳಲ್ಲಿಯೂ ಇದೆ. ಹಲಗೆಗೂ ತಂತಿಗೂ ಹೆಚ್ಚು ಹಣ ಬೇಡ. ಬೆಂಗಳೂರಿನವರಿಗೆ ೧೯೬೨ರಿಂದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವಿದೆ, ಜೆ.ಪಿ. ನಗರದಲ್ಲಿ ೨೦೧೯ರಲ್ಲಿ ತೆರೆದ ಸಂಗೀತದ ವಸ್ತುಸಂಗ್ರಹಾಲಯದ ನಾದದ ತೋಟದಲ್ಲಿ ಮಕ್ಕಳು ಕಲ್ಲನ್ನೂ ಲೋಹವನ್ನೂ ಬಡಿದು ಸ್ವರ ಕೇಳಬಹುದು. ಎಲ್ಲಕ್ಕೂ ಮೊದಲು, ನಿಮ್ಮ ಮನೆಯ ಅಟ್ಟದಲ್ಲಿ ಕಂಬಳಿ ಸುತ್ತಿಕೊಂಡು ಏನು ಮಲಗಿದೆಯೆಂದು ಹಿರಿಯರನ್ನು ಒಮ್ಮೆ ಕೇಳಿ.

ಹೋದ ಶನಿವಾರ ಜಗಲಿಗೆ ಬಂದ ಯಜಮಾನರೊಬ್ಬರು ನೀರು ಕುಡಿದು ವಾಡಿಕೆಯಂತೆ ಕೇಳಿದರು: "ಯಾವ ಕ್ಲಾಸು, ಮಗೂ?"

ಒಳಗೆ ನ‌ನ್ನ ತಾಯಿ ವೀಣೆಯನ್ನು ಶ್ರುತಿ ಮಾಡುತ್ತಿದ್ದರು. ಪುಟ್ಟಿ ಈ ಸಲ ನನ್ನ ಮುಖ ನೋಡಲಿಲ್ಲ. "ಆರನೆಯ ಕ್ಲಾಸು" ಎಂದು ಹೇಳಿ, ಹಲಗೆಯನ್ನು ಅವರ ಮುಂದಕ್ಕೆ ಸರಿಸಿ, ತಾನೇ ಕೇಳಿದಳು: "ತಾತಾ, ಈ ತಂತಿಯನ್ನು ಅರ್ಧ ಮಾಡಿದರೆ ಯಾವ ಸ್ವರ ಬರುತ್ತದೆ, ಹೇಳಿ ನೋಡೋಣ?"